ಅಮ್ಮ ನೋಡಿದ ಫೋಟೋಗಳು

ನನ್ನ ಅಮ್ಮ ಕುಂಬಳೆಯಲ್ಲಿ 30 ವರ್ಷ ರವಿಕೆ ಹೊಲಿದವಳು. ಕಳೆದ ತಿಂಗಳು ತಂಗಿಯ ಮನೆಗೆಂದು ಕಾಸರಗೋಡಿನಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದೆವು. ಅಲ್ಲಿ ಒಂದು ಮ್ಯೂಸಿಯಂನಲ್ಲಿ ಹಳೆಯ ಫ್ಯಾಷನ್ ಫೋಟೋಗಳ ಪ್ರದರ್ಶನ ಇದೆ ಅಂತ ಗೊತ್ತಾಯಿತು, ಅಮ್ಮನನ್ನೂ ಕರೆದೆ. "ನಂಗೆಂತ ಗೊತ್ತಾಗ್ತದೆ ಅದೆಲ್ಲ" ಅಂದಳು. ಆದರೂ ಬಂದಳು. ಅವಳು ಬಾರದೇ ಇದ್ದಿದ್ದರೆ ನಾನು ಆ ಫೋಟೋಗಳನ್ನು ಅರ್ಧವೇ ನೋಡಿ ಬರುತ್ತಿದ್ದೆ.

ಮೊದಲ ಕೋಣೆ ಬೇಗ ಮುಗಿಯಿತು. 1911ರಲ್ಲಿ ಎಡ್ವರ್ಡ್ ಸ್ಟೈಕನ್ ತೆಗೆದ, ವಸ್ತ್ರ ವಿನ್ಯಾಸಕ ಪಾಲ್ ಪೊವಾರೆಯ ಗೌನುಗಳ ಫೋಟೋ, ಫ್ಯಾಷನ್ ಫೋಟೋಗ್ರಫಿ ಶುರುವಾದದ್ದೇ ಅಲ್ಲಿಂದ ಅಂತ ಹೇಳುವವರು ಜಾಸ್ತಿ. ಆಮೇಲೆ ಹಂಗೇರಿಯ ಮಾರ್ಟಿನ್ ಮುಂಕಾಚಿ. ಆಟೋಟದ ಫೋಟೋ ತೆಗೆಯುತ್ತಿದ್ದವನು, 1933ರಲ್ಲಿ ಮಾಡೆಲನ್ನು ಸ್ಟುಡಿಯೋದಿಂದ ಹೊರಗೆ ಕರೆದು ಕಡಲ ತೀರದಲ್ಲಿ ಓಡಿಸಿಬಿಟ್ಟ. ಅಮ್ಮನಿಗೆ ಅದು ತುಂಬಾ ಹಿಡಿಸಿತು. ಓಡಿದಾಗಲೇ ಬಟ್ಟೆ ಎಲ್ಲಿ ಎಳೆಯುತ್ತದೆ ಅಂತ ಗೊತ್ತಾಗುವುದು ಅಂದಳು.

ನಾವು ಜಾಸ್ತಿ ಹೊತ್ತು ನಿಂತದ್ದು ಹಾರ್ಸ್ಟ್ ಪಿ. ಹಾರ್ಸ್ಟ್‌ನ ಕಾರ್ಸೆಟ್ ಫೋಟೋದ ಮುಂದೆ. ಕಾರ್ಸೆಟ್ ಅಂದರೆ ಸೊಂಟ ಬಿಗಿಯುವ ಒಳ ಉಡುಪು. 1939, ಪ್ಯಾರಿಸ್. ಹೆಂಗಸೊಬ್ಬಳು ಬೆನ್ನು ಹಾಕಿ ಕೂತಿದ್ದಾಳೆ. ಬೆನ್ನಿನ ಮೇಲೆ ಲಾಡಿ ಕಟ್ಟಿದ ಕಾರ್ಸೆಟ್, ಆ ಲಾಡಿ ಸಡಿಲವಾಗಿ ಇಳಿದು ಮುಂದಿನ ಕಟ್ಟೆಯ ಮೇಲೆ ಸುರುಳಿಯಾಗಿ ಬಿದ್ದಿದೆ. ನೆರಳು ಎಷ್ಟು ಕಪ್ಪು ಅಂದರೆ ಬೆಳಕು ಬಿದ್ದ ಭುಜ ಮುಟ್ಟಿದರೆ ಬೆಚ್ಚಗೆ ಇರಬಹುದೇನೋ ಅನ್ನಿಸುತ್ತದೆ. ಇದನ್ನು ತೆಗೆದು ಬೆಳಗಿನ ಜಾವ ಸ್ಟುಡಿಯೋ ಬಿಟ್ಟ ಹಾರ್ಸ್ಟ್, ಮನೆಯಿಂದ ಪೆಟ್ಟಿಗೆ ಎತ್ತಿಕೊಂಡು ರೈಲು ಹಿಡಿದು, ಅಮೆರಿಕಕ್ಕೆ ಹೋಗುವ ನಾರ್ಮಂಡಿ ಹಡಗು ಹತ್ತಿದ. ಯುದ್ಧ ಬಾಗಿಲಲ್ಲೇ ಇತ್ತು. ನನಗೆ ಆ ಬಿದ್ದ ಲಾಡಿಯಲ್ಲೇ ಆ ರಾತ್ರಿಯ ಗಾಬರಿಯೆಲ್ಲ ಕಂಡಿತು.

ಅಮ್ಮ ಕೇಳಿದ್ದು ಬೇರೆ. "ಎಂತ ಬಣ್ಣ ಇದು?" ಗುಲಾಬಿ ಸ್ಯಾಟಿನ್ ಅಂತೆ ಅಂದೆ. ಕನ್ನಡಕ ಮೇಲೇರಿಸಿ ಇನ್ನೂ ಹತ್ತಿರ ಹೋದಳು. "ಈ ಬದಿ ಫಿಟ್ಟಿಂಗ್ ಬರಲಿಲ್ಲ ನೋಡು, ಮೈಯಿಂದ ಎದ್ದು ನಿಂತಿದೆ." ನೋಡಿದರೆ ಹೌದು! ಎಷ್ಟೋ ವರ್ಷದಿಂದ ನಾನು ಮೊಬೈಲಿನಲ್ಲಿ ನೋಡುತ್ತಿದ್ದ ಫೋಟೋ, ಆ ಸಂದು ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ವೋಗ್ ಅನ್ನುವ ಫ್ಯಾಷನ್ ಪತ್ರಿಕೆಯಲ್ಲಿ ಅಚ್ಚಾಗುವಾಗ ಸರಿಯಾಗಿ ಅಲ್ಲೇ ತಿದ್ದಿ, ಮೈಗೆ ಅಂಟಿದ ಹಾಗೆ ಮಾಡಿದ್ದರು. ಅಮ್ಮನಿಗೆ ಹೇಳಿದೆ. "ಮತ್ತೆ? ಯಾರಾದರೂ ನೋಡ್ತಾರೆ" ಅಂದಳು, ಅಷ್ಟೇ.

ರಿಚರ್ಡ್ ಅವೆಡಾನ್‌ನ ಆನೆಗಳ ಫೋಟೋ ನಿಮಗೂ ಗೊತ್ತಿರಬಹುದು. 1955ರಲ್ಲಿ ಪ್ಯಾರಿಸ್‌ನ ಸರ್ಕಸ್ಸಿನಲ್ಲಿ ತೆಗೆದದ್ದು. ಆನೆಗಳ ನಡುವೆ ಡೋವಿಮಾ ಅನ್ನುವ ಮಾಡೆಲ್, ಫ್ಯಾಷನ್ ಸಂಸ್ಥೆ ಡಿಯೋರ್‌ನ ಕಪ್ಪು ಗೌನು, ಸೊಂಟದಿಂದ ಕೆಳಗೆ ಇಳಿಬಿದ್ದ ಬಿಳಿ ರೇಷ್ಮೆಯ ಪಟ್ಟಿ. ಆ ಗೌನಿನ ವಿನ್ಯಾಸ ಡಿಯೋರ್ ಹತ್ತಿರ ಹೊಸದಾಗಿ ಸೇರಿದ್ದ ಈವ್ ಸಾಂ ಲೊರಾಂ ಅನ್ನುವ 19ರ ಹುಡುಗನದು. ಎಲ್ಲರೂ ಅವಳ ಕೈ, ಕುತ್ತಿಗೆ ನೋಡುತ್ತಾರೆ. ನಮ್ಮೂರಿನವರು ಮೊದಲು ಆನೆಯ ಕಾಲು ನೋಡುತ್ತೇವೆ ಅಲ್ವಾ, ಜಾತ್ರೆಗಳಲ್ಲಿ ನೋಡಿ ನೋಡಿ. ಸಂಕೋಲೆ ಇತ್ತು. ನನಗೆ ಅಲ್ಲಿಂದ ಮೇಲೆ ಗೌನಿನ ಕಡೆ ಮನಸ್ಸು ಹೋಗಲೇ ಇಲ್ಲ. ಫೋಟೋ ಚಂದ ಉಂಟು, ಆದರೆ ಆ ಸಂಕೋಲೆಯನ್ನು ಬಿಟ್ಟು ಅದನ್ನು ಹೊಗಳಲು ನನ್ನಿಂದ ಆಗುವುದಿಲ್ಲ. ಅವೆಡಾನ್‌ಗೂ ಆ ಫೋಟೋ ಪೂರ್ತಿ ಸಮಾಧಾನ ಕೊಟ್ಟಿರಲಿಲ್ಲವಂತೆ, ಕಾರಣ ಮಾತ್ರ ಬೇರೆ: ಆ ಬಿಳಿ ಪಟ್ಟಿ ತಾನು ಬಯಸಿದ ಹಾಗೆ ಬೀಳಲಿಲ್ಲ ಅಂತ.

ಹೊರಗೆ ಬರುವಾಗ ಅಮ್ಮ ಕೇಳಿದಳು, "ಫೋಟೋ ತೆಗೆದವರ ಹೆಸರು ಉಂಟು, ಉಟ್ಟವಳದ್ದು ಉಂಟು, ಅಂಗಡಿಯದ್ದೂ ಉಂಟು. ಹೊಲಿದವರದ್ದು ಎಲ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಊರಿಗೆ ಬಂದ ಮೇಲೆ ಕಪಾಟಿನಿಂದ ಅವಳ ಕಾಸರಗೋಡು ಸೀರೆ ತೆಗೆಸಿದೆ. ಉದಯಗಿರಿಯ ನೇಕಾರರ ಸಂಘದಲ್ಲಿ ನೇಯ್ದ ಹತ್ತಿ ಸೀರೆ. ಆ ಸಂಘ ಶುರುವಾದದ್ದು 1938ರಲ್ಲಿ, ಹಾರ್ಸ್ಟ್‌ನ ಫೋಟೋಕ್ಕಿಂತ ಒಂದು ವರ್ಷ ಮೊದಲು. 2010ರಲ್ಲಿ ಈ ಸೀರೆಗೆ, ಇದು ಈ ಊರಿನದ್ದೇ ಅಂತ ಗುರುತಿಸುವ ಜಿಐ ಮಾನ್ಯತೆಯೂ ಸಿಕ್ಕಿತು. ಎಷ್ಟು ಸಲ ಒಗೆದರೂ ಅಮ್ಮನ ಸೀರೆಯ ಬಣ್ಣ ಮಾಸಿಲ್ಲ. ಉಡಿಸಿ, ಚಾವಡಿಯ ಕಿಟಕಿ ಹತ್ತಿರ ಕೂರಿಸಿ, ಒಂದೇ ಬದಿಯಿಂದ ಬೆಳಕು ಬೀಳುವ ಹಾಗೆ ಉಳಿದ ಬಾಗಿಲೆಲ್ಲ ಹಾಕಿ ಫೋಟೋ ತೆಗೆದೆ.

ಅಮ್ಮ ಮೊಬೈಲ್ ತೆಗೆದುಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ, ಮುಖ ದಾಟಿ ಸೀದಾ ಸೆರಗಿಗೆ ಹೋದಳು. "ಅಂಚು ಮಡಚಿದೆ. ಇನ್ನೊಂದು ತೆಗಿ."