ಬಸ್ಸಿಂದ ಇಳಿಯುವ ಹಾಗಿಲ್ಲ

ಉಡುಪಿ, ಅಕ್ಟೋಬರ್ 17, 2024, ಗುರುವಾರ

ಸಂಜೆ ಗುಡುಗು, ಮಳೆ, ಕರೆಂಟಿಲ್ಲ. ಆಗಲೇ ಅಳಿಯನ, ಅಂದರೆ ಅಕ್ಕನ ಮಗನ, ವಿಡಿಯೋ ಕಾಲ್ ಬಂತು. ಹಡಗು ಲಾಂಜರೋಟೆಯಲ್ಲಿ ನಿಂತಿದೆಯಂತೆ, ಆಫ್ರಿಕಾ ಪಕ್ಕದ ಸ್ಪೇನಿನ ದ್ವೀಪ. ಅಡುಗೆ ಕೆಲಸದಿಂದ ಬಿಡುವು ಸಿಕ್ಕಿದ್ದೇ ಟಿಮಾನ್‌ಫಾಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದಿದ್ದಾನೆ.

"ಮಾವ, ಉದ್ಯಾನ ಅಂತಾರೆ, ಹುಡುಕಿದ್ರೂ ಒಂದು ಮರ ಇಲ್ಲ. ಬರೀ ಕಪ್ಪು ಕೆಂಪು ಕಲ್ಲು. ಬಸ್ಸಲ್ಲೇ ಕೂತು ನೋಡ್ಬೇಕು, ಇಳಿಯೋ ಹಾಗಿಲ್ಲ."

"ಯಾಕೆ ಮಾರಾಯ?"

"ಕಲ್ಲುಹೂವು ಉಂಟಲ್ಲ, ಅದು ಬೆಳೀತಾ ಉಂಟು. ತುಳಿದ್ರೆ ಹೋಯ್ತು."

ಅಲ್ಲಿ ಜ್ವಾಲಾಮುಖಿ ಸಿಡಿದು ನೆಲ ಬಿರಿದದ್ದು 1730ರ ಸೆಪ್ಟೆಂಬರ್ 1ರ ರಾತ್ರಿ. 1736ರವರೆಗೂ ಬೆಂಕಿ ನಿಲ್ಲಲಿಲ್ಲ, ಎಷ್ಟೋ ಊರುಗಳು ಲಾವಾದ ಅಡಿ ಹೋದವು. ಯಾಯಿಸಾ ಊರಿನ ಪಾದ್ರಿ ಕುರ್ಬೆಲೊ ಅದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು, 1731ರ ಕೊನೆಗೆ ಅವರೂ ಊರು ಬಿಟ್ಟರು. (ಕರೆಂಟ್ ಹೋದರೆ ನನಗೆ ಒಂದು ಸಾಲು ಬರೆಯೋಕೂ ಬೇಜಾರು!) ಸುಮಾರು 300 ವರ್ಷ ಆದರೂ ಕಲ್ಲಿನ ಮೇಲೆ ಜೀವ ಈಗಷ್ಟೇ ಶುರು. ನೆಲದಡಿ ಕಾವು ಮಾತ್ರ ಹಾಗೇ ಇದೆ. ಕೊಳವೆಗೆ ನೀರು ಹೊಯ್ದರೆ ಹಬೆಯಾಗಿ ಚಿಮ್ಮುತ್ತದೆ, ಅದೇ ಕಾವಿನಲ್ಲಿ ಹೋಟೆಲಿನವರು ಕೋಳಿ ಸುಡುತ್ತಾರೆ. "ಗ್ಯಾಸ್ ಖರ್ಚೇ ಇಲ್ಲ ಮಾವ!" ಅಡುಗೆಯವನ ಕಣ್ಣು ಅಲ್ಲಿಗೇ ಹೋಗೋದು, ಅಲ್ವಾ.

ಫೋನ್ ಇಟ್ಟ ಮೇಲೆ ಮಲ್ಪೆಯದ್ದೇ ಯೋಚನೆ. ನಮ್ಮ ಸೇಂಟ್ ಮೇರೀಸ್ ದ್ವೀಪವೂ ಬೆಂಕಿಯ ಕಲ್ಲೇ. ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ್ದು. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಕಂಬ ಕಂಬವಾಗಿ ನಿಂತಿತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಹೆಸರೂ ಇದೆ. ನಾವು ಅದರ ತುದಿ ಹತ್ತಿ ಸೆಲ್ಫಿ ತೆಗೆಯುತ್ತೇವೆ, ಕೆಲವರು ಕಲ್ಲಿನ ಮೇಲೆ ಹೆಸರನ್ನೂ ಗೀಚುತ್ತಾರೆ.

ಲಾಂಜರೋಟೆಯಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಇಲ್ಲ, ನಮಗೆ 4000 ದಾಟುತ್ತದೆ. ಕಡಿದ ಗಿಡ ಜೂನಲ್ಲಿ ಮತ್ತೆ ಚಿಗುರೋದನ್ನು ನೋಡಿ ನೋಡಿ, ಎಲ್ಲವೂ ಹಾಗೇ ತಿರುಗಿ ಬರುತ್ತದೆ ಅಂತ ನಮಗೆ ಸಲೀಸಾಗಿದೆಯೋ ಏನೋ. ಕಂಬ ಚಿಗುರಲ್ಲ. ಹಾಗಂತ ದೋಣಿಯಿಂದಲೇ ನೋಡಿ ವಾಪಸ್ ಬನ್ನಿ ಅಂದರೆ ಮೊದಲು ಜಗಳ ಮಾಡೋದು ನಾನೇ. ಅಲ್ಲಿ ಸುಮ್ನೆ ಕೂರೋ ಸುಖ ಬಿಡೋಕಾಗಲ್ಲ.

ಅಕ್ಕನಿಗೆ ಫೋನ್ ಮಾಡಬೇಕು. ಮಗ ಬಸ್ಸಿಂದ ಇಳಿಯಲಿಲ್ಲ ಅನ್ನೋದನ್ನೇ ಮೊದಲು ಹೇಳಬೇಕು, ಜ್ವಾಲಾಮುಖಿ ಅಂತ ಶುರು ಮಾಡಿದರೆ ಅವಳು ಹೆದರಿಬಿಡುತ್ತಾಳೆ.