ಆರ್ನಾಲ್‌ನ ಬ್ಲ್ಯಾಕ್‌ಹೌಸ್, 1:50 ಮಾದರಿ: ಗೋಡೆ ಮುಗಿಯಿತು, ಚಾವಣಿ ಅರ್ಧಕ್ಕೆ ಬಂತು

ಆರ್ನಾಲ್ ಇರುವುದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿ. ಅಲ್ಲಿನ 42ನೇ ನಂಬರಿನ ಬ್ಲ್ಯಾಕ್‌ಹೌಸ್‌ನಲ್ಲಿ, ಅಂದರೆ ದಪ್ಪ ಕಲ್ಲುಗೋಡೆಯ ಹಳೆಯ ಕಾಲದ ಹುಲ್ಲುಮನೆಯಲ್ಲಿ, 1966ರವರೆಗೂ ಜನ ವಾಸವಾಗಿದ್ದರು. ಈಗ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸರ್ಕಾರಿ ಪರಂಪರೆ ಸಂಸ್ಥೆ ಅದನ್ನು ಕಾಪಾಡಿಕೊಂಡು ಬಂದಿದೆ. ಒಂದೇ ಮಾಡಿನಡಿ ಜನ, ದನ. ಪಕ್ಕದಲ್ಲೇ ಅಂಟಿಕೊಂಡ ಕಣಜದ ಮನೆ. ನಡುಮನೆಯ ನೆಲದಲ್ಲಿ ಪೀಟ್ (ಜೌಗಿನಿಂದ ಅಗೆದು ಒಣಗಿಸಿದ ಸಸ್ಯಮಣ್ಣು) ಬೆಂಕಿ, ಚಿಮಣಿ ಇಲ್ಲ. ಇದರ ಮಾದರಿ ಮಾಡಲು ಹೊರಟವರು ಮೊದಲು ತಿಳಿಯಬೇಕಾದ್ದು ಒಂದೇ: ಚಾವಣಿ ಕೂರುವುದು ಗೋಡೆಯ ಹೊರ ಅಂಚಿನ ಮೇಲಲ್ಲ, ಒಳ ಅಂಚಿನ ಮೇಲೆ. ಉಳಿದದ್ದೆಲ್ಲ ಇದರ ಹಿಂದೆಯೇ ಬರುತ್ತದೆ.

ತಳಕ್ಕೆ 12 ಮಿ.ಮೀ. ಪ್ಲೈವುಡ್. ಕೊಟ್ಟಿಗೆಯ ಕಡೆ 6 ಮಿ.ಮೀ. ತಗ್ಗು ಕೊಟ್ಟಿದೆ. ಗಂಜಲ ಜನರಿರುವ ಕಡೆ ಹರಿಯಬಾರದಲ್ಲ, ಹಾಗಾಗಿ ಈ ವಾಟ ಬಿಡುವಂತಿಲ್ಲ.

ಕಲ್ಲಿಗೆ ಬೇಬಿ ಜಲ್ಲಿಯನ್ನೇ ಜರಡಿ ಹಿಡಿದು 6ರಿಂದ 8 ಮಿ.ಮೀ. ಗಾತ್ರದ್ದನ್ನು ಆರಿಸಿದೆ, ಅಸಲಿ ಗೋಡೆಯಲ್ಲಿ ಅದು 30–40 ಸೆಂ.ಮೀ. ಕಲ್ಲಾಗುತ್ತದೆ. ಲೂಯಿಸ್‌ನ ನೆಲದ ಬಹುಪಾಲು ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆ, ಸುಮಾರು 300 ಕೋಟಿ ವರ್ಷದಷ್ಟು ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ನೈಸ್, ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಈ ಭಾಗದ ಕ್ವಾರಿ ಜಲ್ಲಿಗೆ ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಬೂದು ಮೈ, ನಡುವೆ ತೆಳು ಗುಲಾಬಿ ಪಟ್ಟೆ, ಎಲ್ಲ ತಾನಾಗೇ ಸಿಗುತ್ತದೆ. ಇದಕ್ಕಿಂತ ಸರಿಯಾದ ಕಲ್ಲು ದುಡ್ಡು ಕೊಟ್ಟರೂ ಸಿಗದು.

ಗೋಡೆ 32 ಮಿ.ಮೀ. ದಪ್ಪ, 36 ಮಿ.ಮೀ. ಎತ್ತರ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು. ನಡುವೆ 18 ಮಿ.ಮೀ. ಮಣ್ಣಿನ ತಿರುಳು. ಅಸಲಿಯಲ್ಲಿ ಗಾರೆಯಿಲ್ಲ, ತಿರುಳಿನ ಮಣ್ಣೇ ಗಾಳಿ ತಡೆಯುವುದು. ಇಲ್ಲಿ ನಾಲ್ಕು ಚಮಚ ಕೊಕೊಪೀಟ್, ಒಂದು ಚಮಚ ಫೆವಿಕಾಲ್, ಎರಡು ಚಮಚ ನೀರು. ಒಂದೇ ಸಲಕ್ಕೆ ಪೂರ್ತಿ ತುಂಬಿದರೆ ಕೊಕೊಪೀಟ್ ಉಬ್ಬಿ ಹೊರಸಾಲನ್ನು ಹೊರಕ್ಕೆ ತಳ್ಳುತ್ತದೆ. 8 ಮಿ.ಮೀ. ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಆಮೇಲೆ ಮುಂದಿನ ವರಸೆ. ಪ್ರತಿ ಕಲ್ಲೂ ಹೊರಮುಖವಾಗಿ ತುಸು ಬಾಗಿರಬೇಕು, ನೀರು ಒಳಗೆ ಇಳಿಯದೆ ಹೊರಗೆ ಜಾರಲು. ಗೋಡೆ ಮಾತ್ರ ಮೇಲೇರುತ್ತ ಒಳಕ್ಕೆ ವಾಲಬೇಕು. ಮೂಲೆಗಳು ದುಂಡಗೆ, ಚೌಕ ಮೂಲೆ ಬಂದರೆ ಮನೆ ಬೇರೆ ಯಾವುದೋ ಊರಿನದಾಗುತ್ತದೆ.

ಈಗ ಗೋಡೆಯ ತಲೆ. ಚಾವಣಿ ಒಳ ಅಂಚಿನಿಂದ ಏಳುವುದರಿಂದ ಹೊರಗೆ 24 ಮಿ.ಮೀ. ಅಗಲದ ಜಗಲಿ ಉಳಿಯುತ್ತದೆ. ಅದರ ಮೇಲೆ ಹುಲ್ಲು ಬೆಳೆಯುತ್ತದೆ. ಹೊರಚಾಚಿದ ಸೂರಂಚು ಇದ್ದಿದ್ದರೆ ಅಟ್ಲಾಂಟಿಕ್ ಗಾಳಿ ಅದಕ್ಕೇ ಕೈಹಾಕಿ ಮಾಡನ್ನು ಎತ್ತಿಬಿಡುತ್ತಿತ್ತು. ಮಾಡಿನ ಮಳೆನೀರು ಈ ಜಗಲಿಗೆ ಬಿದ್ದು, ತಿರುಳಿನೊಳಗೆ ಇಂಗಿ, ಕೆಳಗೆ ಇಳಿಯುತ್ತದೆ. ಕಣಜದ ಮನೆಗೂ ವಾಸದ ಮನೆಗೂ ನಡುವಿನ ಗೋಡೆ ಒಂದೇ. ಎರಡೂ ಮಾಡಿನ ನೀರು ಆ ಒಂದೇ ಗೋಡೆಯ ತಲೆಗೆ ಬೀಳುತ್ತದೆ, ದೋಣಿಯೂ ಇಲ್ಲ, ತಗಡೂ ಇಲ್ಲ. ಅಷ್ಟು ದಪ್ಪ ಗೋಡೆ ಯಾಕೆ ಎನ್ನುವುದಕ್ಕೆ ಇಲ್ಲೇ ಉತ್ತರ ಸಿಗುತ್ತದೆ.

ಆ ದ್ವೀಪದಲ್ಲಿ ಮರ ತೀರಾ ಕಡಿಮೆ. ಕಡಲು ತಂದು ಹಾಕಿದ ದಿಮ್ಮಿಯೇ ಆಧಾರ. ಹಾಗಾಗಿ ಮಾಡು ಹೊರುವ ಕತ್ತರಿ ತೊಲೆಗಳಿಗೆ ನೆಟ್ಟಗಿಲ್ಲದ 3 ಮಿ.ಮೀ. ದಾಸವಾಳದ ಒಣಕಡ್ಡಿ, ರೀಪಿಗೆ ತೆಂಗಿನ ಪೊರಕೆ ಕಡ್ಡಿ. ಅದರ ಮೇಲೆ ಹುಲ್ಲುಹೆಂಟೆಯ (ಬೇರುಮಣ್ಣಿನ ಸಮೇತ ಕೊಯ್ದ ಹುಲ್ಲಿನ) ಪದರ: ಗೋಣಿ ತುಂಡಿಗೆ ಒಣ ಚಹಾಚರಟ ಅಂಟಿಸಿ, ಹೆಂಚು ಹೊದಿಸುವ ಹಾಗೆ ಕೆಳಗಿನಿಂದ ಮೇಲಕ್ಕೆ.

ಹುಲ್ಲಿಗೆ ಸೆಣಬಿನ ನಾರು, 30 ಮಿ.ಮೀ. ತುಂಡು, 4 ಮಿ.ಮೀ. ದಪ್ಪ. ಫೆವಿಕಾಲನ್ನು ನೀರು ಬೆರೆಸದೆ ಬಳಿದರೆ ನಾರು ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಸಮಪಾಲು ನೀರು ಹಾಕಿ, ಮೇಲಂಚಿಗೆ ಮಾತ್ರ ಅಂಟು. ಹುಲ್ಲು ಗಾಳಿಗೆ ಹಾರದಂತೆ ಹಿಡಿಯುವ ಹಗ್ಗಕ್ಕೆ ಸೆಣಬಿನ ಹುರಿಯ ಒಂದೇ ಎಳೆ ಬಿಡಿಸಿ ಚಹಾ ಡಿಕಾಕ್ಷನ್‌ನಲ್ಲಿ ಕುದಿಸಿದೆ. ಮಾಡಿನ ಮೇಲಿಂದ ಹಾಯಿಸಿ, ಎರಡೂ ತುದಿಗೆ 5 ಮಿ.ಮೀ. ಕಲ್ಲು. ಕಲ್ಲು ಜಗಲಿಗೆ ತಾಗದೆ ನೇತಾಡಬೇಕು. ತಾಗಿದರೆ ಭಾರವೆಲ್ಲ ಗೋಡೆಗೆ ಹೋಗಿ ಹಗ್ಗ ಸಡಿಲಾಗುತ್ತದೆ, ಕಲ್ಲು ಕಟ್ಟಿದ್ದೇ ದಂಡ. ನುಣುಪು ಕಲ್ಲಿನಿಂದ ಹಗ್ಗ ಜಾರುತ್ತದೆ. ಮುಮ್ಮೂಲೆ ಅರದಿಂದ ಸಣ್ಣ ಗೀರು ಹಾಕಿ ಕಟ್ಟಿದರೆ ನಿಲ್ಲುತ್ತದೆ.

ಬಣ್ಣದ ವಿಷಯ: ಹೊರಗೆ ಬಂಗಾರದ ಹುಲ್ಲು ಬೇಡ, ಮಳೆಗೆ ಅದು ಬೇಗ ಬೂದಾಗುತ್ತದೆ. ಒಳಮೈಗೆ ಇದ್ದಿಲ ಪುಡಿಯನ್ನು ಒಣ ಕುಂಚದಿಂದ ತಿಕ್ಕಬೇಕು, ಒಲೆಯ ನೇರಕ್ಕೆ ದಟ್ಟವಾಗಿ. ಹೊಗೆ ಹುಲ್ಲಿನ ನಡುವೆಯೇ ಸೋಸಿ ಹೋಗುತ್ತಿತ್ತು. ಮಸಿ ಹಿಡಿದ ಹಳೆಯ ಹುಲ್ಲನ್ನು ತೆಗೆದು ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು.

ಇನ್ನು ಉಳಿದಿರುವುದು ಕಣಜದ ಮನೆಯ ಮಾಡು. ಅದರ ಬಾಗಿಲಿಗೆ ಎದುರಾಗಿ ಗೋಡೆಯ ಬುಡದಲ್ಲಿ ಸಣ್ಣ ಕಂಡಿ ಬಿಟ್ಟಿದೆ. ಒಕ್ಕಣೆ ಮಾಡಿದ ಕಾಳನ್ನು ತೂರಲು ಗಾಳಿ ಆ ಎರಡರ ನಡುವೆ ಹಾಯಬೇಕು, ಆದ್ದರಿಂದ ಎರಡೂ ಒಂದೇ ಗೆರೆಯಲ್ಲಿರಬೇಕು. ಕೊಟ್ಟಿಗೆಯ ತುದಿಗೋಡೆಯನ್ನು ಅಂಟಿಸದೆ ಬಿಡಿಯಾಗಿ ಇಟ್ಟಿದೆ: ಲೂಯಿಸ್‌ನ ಕೆಲವು ಮನೆಗಳಲ್ಲಿ ಚಳಿಗಾಲದ ಗೊಬ್ಬರ ಹೊರಹಾಕಲು ಆ ತುದಿಯನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಮಾದರಿಯ ಒಳಗೆ ನೋಡಲೂ ಅದೇ ದಾರಿ.