‘ಎಷ್ಟಾಯ್ತು’ ಅಂದ್ರೆ ಯಾವತ್ತಿನವರೆಗಿನ ಲೆಕ್ಕ?

ನಮ್ಮನೆ ಹಕ್ಕಿ ನೋಡಿದೋರೆಲ್ಲ ಕೇಳೋದು ಒಂದೇ, ‘ಎಷ್ಟಾಯ್ತು?’ ಅಂತ. ಕೊಂಡ ರೇಟು 1,35,000 ರೂಪಾಯಿ. ಸಾಕಾ? ಅಷ್ಟು ತಿಳ್ಕೊಳ್ಳೋಕೆ ಬಂದೋರು ಇಲ್ಲಿಂದ್ಲೇ ವಾಪಸ್ ಹೋಗ್ಬಹುದು, ನಂಗೇನೂ ಬೇಜಾರಿಲ್ಲ.

ಉಳಿದೋರಿಗೆ ಹೇಳ್ತೀನಿ. ನಮ್ಮ ಹಕ್ಕಿ ಮಕಾವ್ ಅನ್ನೋ ದೊಡ್ಡ ವಿದೇಶಿ ಗಿಳಿ, ಬ್ಲೂ ಅಂಡ್ ಗೋಲ್ಡ್ ಅಂತಾರಲ್ಲ ಅದು, ಬೆನ್ನು ನೀಲಿ, ಎದೆ ಹೊಟ್ಟೆ ಹಳದಿ. ಕೊಕ್ಕಿಂದ ಬಾಲದ ತುದಿವರೆಗೆ ಮೂರಡಿಗೆ ಸ್ವಲ್ಪ ಕಮ್ಮಿ, ತೂಕ ಒಂದು ಕೇಜಿ ಅಂದ್ಕೊಳ್ಳಿ. 2021ರ ಜನವರಿಯಲ್ಲಿ ತಂದಾಗ ರಂಗಪ್ಪ ಅಂತ ಹೆಸರಿಟ್ವಿ. ಈ ಜಾತೀಲಿ ಗಂಡು ಹೆಣ್ಣು ನೋಡೋಕೆ ಒಂದೇ ಥರ, ಗರಿ ಲ್ಯಾಬಿಗೆ ಕಳ್ಸಿ ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತೆ. ರಿಪೋರ್ಟ್ ಬಂತು, ರಂಗಪ್ಪ ರಂಗಮ್ಮ ಆದ್ಲು. ಅದಕ್ಕೆ 800. ಬರ್ಕೊಳ್ಳಿ, ಲೆಕ್ಕ ಕೇಳಿದ್ದು ನೀವೇ ಅಲ್ವಾ.

ಈ ಪ್ರಶ್ನೆ ಯಾರು ಕೇಳಿಲ್ಲ ಹೇಳಿ. ಗ್ಯಾಸ್ ತರೋ ಹುಡುಗ ಕೇಳಿದ, ಮಗಳ ಸ್ಕೂಲಿನ ಪೇರೆಂಟ್ಸ್ ಮೀಟಿಂಗಲ್ಲಿ ಮೂರು ಜನ ಕೇಳಿದ್ರು, ನಮ್ಮ ಹಲ್ಲಿನ ಡಾಕ್ಟ್ರು ನನ್ನ ಬಾಯೊಳಗೆ ಎರಡು ಸಾಮಾನು ಇಟ್ಕೊಂಡು ಕೇಳಿದ್ರು, ನಾನು ಆಆ ಅಂದೆ, ಅವ್ರು ‘ಅಬ್ಬಾ ಅಷ್ಟಾ’ ಅಂದ್ರು. ಕೇಳೋದು ತಪ್ಪು ಅಂತ ನಾನಂದಿಲ್ಲ. ನಂಗೆ ಉರಿಯೋದು ಆ ‘ಆಯ್ತು’ ಅನ್ನೋ ಪದ. ಫ್ರಿಜ್ಜಿಗೆ ಎಷ್ಟಾಯ್ತು ಅಂತ ಕೇಳಿ, ಆಯ್ತು, ಮುಗೀತು, ಬಿಲ್ ತೋರಿಸ್ತೀನಿ. ಹಕ್ಕಿಗೆ ಎಲ್ಲಿ ಆಯ್ತು? ಆಗ್ತಾನೇ ಇದೆ. ಇವತ್ತು ಬೆಳಿಗ್ಗೇನೂ ಆಗಿದೆ, ಅಡುಗೆ ಮನೆ ಕಿಟಕಿಯ ಚೌಕಟ್ಟು ಹೋಗಿ ನೋಡಿ.

ಇನ್ನು ರೇಟ್ ಹೇಳಿದ್ಮೇಲೆ ಬರೋ ಮುಖಗಳು ಎರಡೇ ಥರ. ಒಂದು, ಇವನಿಗೆ ದುಡ್ಡು ಜಾಸ್ತಿ ಆಗಿದೆ ಅನ್ನೋದು. ಇನ್ನೊಂದು, ಇವನಿಗೆ ಯಾರೋ ಟೋಪಿ ಹಾಕಿದಾರೆ ಅನ್ನೋದು. ನಮ್ಮ ತಿಪಟೂರಿನ ಮಾವ ಮಾತ್ರ ಎರಡೂ ಮುಖ ಒಟ್ಟಿಗೇ ಮಾಡಿದ್ರು.

ಅಪ್ಪನ ತಿಥಿ ದಿನ ಅದು. ಮಾವ ಅಂದ್ರೆ ಅಮ್ಮನ ತಮ್ಮ, ತೆಂಗಿನ ತೋಟ, ಕೊಬ್ಬರಿ ರೇಟ್ ಬಿಟ್ರೆ ಬೇರೆ ರೇಟು ತಲೆಗೆ ಹೋಗಲ್ಲ. ಬಂದವರೇ ಚಪ್ಪಲಿ ಬಿಡೋಕೆ ಮುಂಚೆ ಪಂಜರದ ಮುಂದೆ ನಿಂತ್ರು.

‘ಎಷ್ಟಾಯ್ತಪ್ಪಾ ಇದು?’

ಹೇಳ್ದೆ.

‘ಲೋ! ಎರಡು ಎಚ್‌ಎಫ್ ಹಸು ಬರ್ತಿತ್ತಲ್ಲೋ ಆ ದುಡ್ಡಿಗೆ! ಇದೇನ್ಲಾ ಕೊಡುತ್ತೆ?’

ಏನೂ ಕೊಡಲ್ಲ ಮಾವ, ತಗೊಳ್ಳುತ್ತೆ ಅಂದೆ. ಅವ್ರು ಇನ್ನೊಂಚೂರು ಬಗ್ಗಿದ್ರು, ರಂಗಮ್ಮ ಅಷ್ಟೇ ಶಾಂತವಾಗಿ ಕಂಬಿ ಸಂದಿಯಿಂದ ಕೊಕ್ಕು ಹೊರಗೆ ಚಾಚಿ ಅವರ ಹೊಸ ಬಿಳಿ ಷರ್ಟಿನ ಮೇಲಿನ ಎರಡು ಗುಂಡಿ ಟಕ್ ಟಕ್ ಅಂತ ಕಿತ್ಕೊಂಡ್ಲು. ಬಟ್ಟೆಗೆ ಒಂದು ಗೀರೂ ಬೀಳ್ಲಿಲ್ಲ, ದರ್ಜಿ ಬಿಚ್ಚಿದ ಹಾಗೆ. ಮಾವ ಎದೆ ಮುಟ್ಟಿ ನೋಡ್ಕೊಂಡು ‘ಕಚ್ಚಿತೇನೋ?’ ಅಂದ್ರು. ಇಲ್ಲ ಮಾವ, ಗುಂಡಿ ಅಷ್ಟೇ. ಆಮೇಲೆ ಅವ್ರು ಒಂದು ಪ್ರಶ್ನೆ ಕೇಳಿದ್ರು, ‘ಎದೆ ಯಾಕ್ಲಾ ಬೋಳಾಗಿದೆ ಇದಕ್ಕೆ?’ ಅಂತ. ಒಳಗೆ ಪುರೋಹಿತರು ಕರೀತಿದಾರೆ ಅಂತ ಹೇಳಿ ತಪ್ಪಿಸ್ಕೊಂಡೆ.

ಅಸಲಿ ಫಜೀತಿ ಆದದ್ದು ಟೆರೇಸ್ ಮೇಲೆ. ಕಾಗೆಗೆ ಎಡೆ ಇಟ್ಟು ಎಲ್ಲರೂ ಕೈ ಕಟ್ಕೊಂಡು ನಿಂತಿದೀವಿ, ಬಿಸಿಲು, ಹಸಿವು, ಕೆಳಗಡೆ ರಂಗಮ್ಮ ಹೊಸ ಜನ ನೋಡಿದ ಖುಷಿಗೆ ಒಂದೇ ಸಮ ಕಿರುಚ್ತಿದಾಳೆ. ಕಾಗೆಗಳು ಆಚೆ ಬೀದಿ ನೀರಿನ ಟ್ಯಾಂಕ್ ಮೇಲೆ ಕೂತು ನೋಡ್ತಿವೆ, ಒಂದೂ ಇತ್ತ ಬರ್ತಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ದೊಡ್ಡಮ್ಮ ‘ಅವನಿಗೇನೋ ಆಸೆ ಉಳ್ಕೊಂಡಿದೆ’ ಅಂತ ಕಣ್ಣು ಒರೆಸ್ಕೊಂಡ್ರು. ಮಾವ ‘ಆಸೆ ಅಲ್ಲಕ್ಕ, ಹಕ್ಕಿ ರೇಟ್ ಕಿವಿಗೆ ಬಿದ್ದಿದೆ ಭಾವನಿಗೆ’ ಅಂದ್ರು. ಕೊನೆಗೆ ನಾನೇ ಕೆಳಗಿಳಿದು ಪಂಜರನ ಸ್ಟೋರ್ ರೂಮಿಗೆ ತಳ್ಳಿ ಲೈಟ್ ಆಫ್ ಮಾಡಿ ಮೇಲೊಂದು ಬೆಡ್‌ಶೀಟ್ ಹೊದಿಸಿದ್ಮೇಲೆ ಸದ್ದು ನಿಂತಿದ್ದು, ಕಾಗೆ ಬಂದದ್ದು, ನಮಗೆ ಊಟ ಸಿಕ್ಕಿದ್ದು.

ಸರಿ, ಲೆಕ್ಕಕ್ಕೆ ಬರೋಣ.

ಪಂಜರ. ನನ್ನ ಬುದ್ಧಿವಂತಿಕೆಗೆ ಮನೆ ಹತ್ರದ ವೆಲ್ಡಿಂಗ್ ಶಾಪಲ್ಲಿ ಜಿಐ ಮೆಶ್ ಹಾಕ್ಸಿ 9,000ಕ್ಕೆ ಮಾಡಿಸ್ದೆ, ಎಲ್ಲರಿಗೂ ತೋರಿಸ್ಕೊಂಡು ಓಡಾಡ್ದೆ. ಜಿಐ ಅಂದ್ರೆ ಮೇಲೆ ಜಿಂಕ್ ಲೇಪ ಇರುತ್ತೆ, ಇವಕ್ಕೆ ದಿನವಿಡೀ ಕಂಬಿ ಅಗಿಯೋ ಚಟ, ಆ ಜಿಂಕ್ ಹೊಟ್ಟೆ ಸೇರಿದ್ರೆ ವಿಷ. ಮೂರನೇ ತಿಂಗಳಿಗೆ ಊಟ ಬಿಟ್ಟು ವಾಂತಿ ಮಾಡ್ಕೊಂಡು ಮೂಲೇಲಿ ಗರಿ ಕೆದರಿಕೊಂಡು ಕೂತ್ಲು. ನಾಯಿ ಡಾಕ್ಟ್ರು ಬೀದಿಗೊಬ್ಬರು ಸಿಗ್ತಾರೆ, ಹಕ್ಕಿ ನೋಡೋರು ಇಷ್ಟು ದೊಡ್ಡ ಬೆಂಗಳೂರಲ್ಲಿ ಬೆರಳೆಣಿಕೆ, ಅವರ ಹತ್ರ ಟೋಕನ್ ತಗೊಂಡು ಮಡಿಲಲ್ಲಿ ಟವೆಲ್ ಸುತ್ಕೊಂಡು ಕೂತಿದ್ದೆ. ಎಕ್ಸ್‌ರೇ, ರಕ್ತ ಪರೀಕ್ಷೆ, ಇಂಜೆಕ್ಷನ್, ಎಲ್ಲಾ ಸೇರಿ 7,400. ಆಮೇಲೆ ಸ್ಟೀಲ್ ಪಂಜರ, 38,000. ಉಳಿತಾಯ ಮಾಡೋಕೆ ಹೋಗಿದ್ದಕ್ಕೆ ಬಿದ್ದ ದಂಡ ಅದು.

ಊಟ. ‘ನಮ್ಮಜ್ಜಿ ಮನೇಲೂ ಗಿಳಿ ಇತ್ತು, ಒಂದು ಮೆಣಸಿನಕಾಯಿ ಒಂದು ಸೀಬೆಹಣ್ಣು ಅಷ್ಟೇ’ ಅಂತ ಹೇಳೋರು ದಯವಿಟ್ಟು ಅಜ್ಜಿ ಹತ್ರಾನೇ ಇರಿ. (ಅಂದಹಾಗೆ ಅಜ್ಜಿ ಮನೆ ಹಸಿರು ಗಿಳಿ ಸಾಕೋದು ಅಪರಾಧ, ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ನಮ್ಮ ದೇಶದ್ದೇ ಹಕ್ಕಿ ಅಂತಾನೇ.) ಇವಳಿಗೆ ಪೆಲೆಟ್ ಅನ್ನೋ ಗುಳಿಗೆ ಥರದ ಒಣ ಆಹಾರ ಬೇಕು, ಅದು ಹೊರದೇಶದಿಂದ ಬರೋ ಸರಕು, ಜತೆಗೆ ವಾಲ್‌ನಟ್, ಬಾದಾಮಿ, ಕ್ಯಾರೆಟ್, ನುಗ್ಗೆಸೊಪ್ಪು, ಪಪಾಯ. ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕಿದ್ರೆ ಲಿವರ್‌ಗೆ ಕೊಬ್ಬು ಕಟ್ಟುತ್ತೆ. ಬೆಣ್ಣೆಹಣ್ಣು ಕೊಟ್ರೆ ಸಾಯ್ತವೆ, ಚಾಕೊಲೇಟೂ ಅಷ್ಟೇ, ಮನೆಗೆ ಬಂದೋರ ಕೈ ನೋಡ್ತಾ ಇರ್ಬೇಕು. ತಿಂಗಳಿಗೆ ಹತ್ತಿರ ಹತ್ತಿರ 6,000 ಆಗುತ್ತೆ, ಅದರಲ್ಲಿ ಅರ್ಧ ನೆಲಕ್ಕೆ. ಎರಡು ವರ್ಷಕ್ಕೆ ಊಟದ ದುಡ್ಡೇ ಕೊಂಡ ರೇಟನ್ನ ದಾಟಿಬಿಡ್ತು ನೋಡಿ.

ಅಡುಗೆಮನೆ. ಇದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ನಾನ್‌ಸ್ಟಿಕ್ ತವಾ ಜಾಸ್ತಿ ಕಾದ್ರೆ ಅದರ ಕೋಟಿಂಗಿಂದ ಏಳೋ ಹೊಗೆಗೆ ನಮಗೇನೂ ಗೊತ್ತಾಗ್ದೆ ಇರ್ಬಹುದು, ಹಕ್ಕಿಗಳು ನಿಮಿಷಗಳಲ್ಲಿ ಸತ್ತುಬೀಳ್ತವೆ. ಅದನ್ನ ಓದಿದ ರಾತ್ರೀನೇ ಮನೇಲಿದ್ದ ತವಾ, ಬಾಣಲೆ, ಪಡ್ಡಿನ ಕಾವಲಿ ಎಲ್ಲಾ ಮೂಟೆ ಕಟ್ಟಿದ್ವಿ. ಹೊಸ ಕಬ್ಬಿಣದ ಕಾವಲಿ ಪಳಗೋವರೆಗೆ ಒಂದು ತಿಂಗಳು ನಾವು ದೋಸೆ ಅಂತ ತಿಂದಿದ್ದು ಉಪ್ಪಿಟ್ಟು. ಸೊಳ್ಳೆ ಬತ್ತಿ ಇಲ್ಲ, ರೂಮ್ ಸ್ಪ್ರೇ ಇಲ್ಲ, ಸಾಂಬ್ರಾಣಿ ಅಂತೂ ಇಲ್ವೇ ಇಲ್ಲ. ಅಮ್ಮ ಈಗ ಊದಿನಕಡ್ಡಿ ಹಚ್ಚೋಕೆ ಮೆಟ್ಟಿಲಿಳಿದು ತುಳಸಿ ಕಟ್ಟೆ ಹತ್ರ ಹೋಗ್ತಾರೆ, ಹೋಗ್ವಾಗ ಪ್ರತಿದಿನ ನನ್ನ ಕಡೆ ಒಂದು ನೋಟ ಹಾಕ್ತಾರೆ. ಆ ನೋಟಕ್ಕೆ ರೇಟ್ ಹಾಕೋಕೆ ನಂಗೆ ಬರಲ್ಲ.

ಮನೆ. ಮೊದಲಿದ್ದದ್ದು ಟ್ವೆಂಟಿ ಥರ್ಟಿ ಸೈಟಿನ ಬಾಡಿಗೆ ಮನೆ. ಕಾಡಲ್ಲಿ ದೂರದಲ್ಲಿರೋ ಬಳಗನ ಕರೆಯೋಕೆ ಅಂತ ಬಂದಿರೋ ಗಂಟಲು ಇದರದ್ದು, 100 ಡೆಸಿಬಲ್ ಮುಟ್ಟುತ್ತೆ, ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಗ್ಯಾರಂಟಿ. ಓನರ್ ಎಂಟು ತಿಂಗಳು ತಡ್ಕೊಂಡ್ರು, ಅವರನ್ನ ಬೈಯಲ್ಲ, ನಾನಾಗಿದ್ರೆ ಎಂಟು ದಿನ. ಕೆಂಗೇರಿ ಆಚೆ ಸಿಕ್ಕ ಮನೆಗೆ ಬಾಡಿಗೆ 14,000 ಇದ್ದದ್ದು 19,500 ಆಯ್ತು. ಆ ವ್ಯತ್ಯಾಸ 5,500 ತಿಂಗಳು ತಿಂಗಳು ಹೋಗ್ತಿದೆ, ಇದು ಹಕ್ಕಿ ಖರ್ಚು ಅಲ್ಲ ಅಂತ ನನ್ನ ಹೆಂಡತಿ ಎದುರಿಗೆ ಹೇಳಿ ನೋಡಿ.

ಪೇಪರ್ರು. ಮಾರಿದವನು ‘ಪೇಪರ್ ಏನೂ ಬೇಡ ಸಾರ್, ಫಾರಿನ್ ಬರ್ಡ್’ ಅಂದಿದ್ದ, ಕೊಟ್ಟಿದ್ದು ಒಂದು ಬಿಳಿ ಚೀಟಿ. 2022ರಲ್ಲಿ ಅದೇ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಯ್ತು, 2024ರ ಫೆಬ್ರವರಿಯಲ್ಲಿ ನಿಯಮ ಬಂತು, ಸೈಟೀಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರೋ ವಿದೇಶಿ ಪ್ರಾಣಿ ಪಕ್ಷಿ ಸಾಕಿರೋರು ಆರು ತಿಂಗಳಲ್ಲಿ ಸರ್ಕಾರದ ಪರಿವೇಶ್ ಪೋರ್ಟಲ್ಲಲ್ಲಿ ನೋಂದಾಯಿಸ್ಬೇಕು ಅಂತ. ನಮ್ಮದು ಎರಡನೇ ಪಟ್ಟಿಯ ಹಕ್ಕಿ, ಸ್ಕಾರ್ಲೆಟ್ಟು, ಹಯಸಿಂತು ಮೊದಲನೇದು. ಮಾರಿದವನಿಗೆ ಫೋನ್ ಮಾಡಿದ್ರೆ ನಂಬರ್ ಅಸ್ತಿತ್ವದಲ್ಲಿಲ್ಲ. ಆ ಚೀಟಿ ಬೀರುವಿನಲ್ಲಿ ಸೀರೆ ಮಡಿಕೆ ಒಳಗೆ ಸಿಕ್ಕಿದ ದಿನ ನಾನು ಅಳೋದೊಂದು ಬಾಕಿ. ಈಗ ತಗೊಳ್ಳೋರು ಕಾಗದ ನೋಡದೆ ಒಂದು ರೂಪಾಯೀನೂ ಬಿಚ್ಬೇಡಿ.

ದೀಪಾವಳಿ ಬಗ್ಗೆ ಬರೆಯಲ್ಲ. ಮೂರು ರಾತ್ರಿ ಕಿಟಕಿಗೆ ಕಂಬಳಿ ಹೊಡೆದು ಅವಳ ಜತೆ ಒಳ ರೂಮಲ್ಲಿ ಕೂರ್ತೀನಿ, ಅಷ್ಟೇ.

ಇಷ್ಟೆಲ್ಲಾ ಟೈಪ್ ಮಾಡ್ತಾ ಹೊಳೀತು, ‘ಎಷ್ಟಾಯ್ತು’ ಅನ್ನೋದಕ್ಕೆ ಸಾವಿರ ಸಲ ಉತ್ತರ ಕೊಟ್ಟಿದೀನಿ, ‘ಇನ್ನೊಂದ್ಸಲ ಆದ್ರೆ ತಗೋತೀರಾ’ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ತಗೊಳ್ಳಲ್ಲ.

ತಗೊಂಡಿದ್ದು ಯಾಕೆ ಅಂತಾನೂ ಹೇಳಿಬಿಡ್ತೀನಿ, ಮರ್ಯಾದೆ ಹೋದ್ರೆ ಹೋಗ್ಲಿ. ಲಾಕ್‌ಡೌನು, ವರ್ಕ್ ಫ್ರಮ್ ಹೋಮು, ರಾತ್ರಿ ಎರಡು ಗಂಟೆಗೆ ವಿಡಿಯೋ ನೋಡೋ ಚಟ. ಒಂದರಲ್ಲಿ ಇಂಥದ್ದೇ ಹಕ್ಕಿ ಯಾರದೋ ಹೆಗಲ ಮೇಲೆ ಕೂತು ಮುತ್ತು ಕೊಡ್ತಿತ್ತು. ಎರಡು ವಾರದಲ್ಲಿ ಹಕ್ಕಿ ಮನೇಲಿತ್ತು. ಒಂದೂವರೆ ವರ್ಷ ಇಡೀ ದಿನ ನನ್ನ ಹೆಗಲ ಮೇಲೇ ಇದ್ಲು, ಮೀಟಿಂಗಲ್ಲೂ. ಆಮೇಲೆ 2022ರಲ್ಲಿ ಆಫೀಸಿಗೆ ಬನ್ನಿ ಅಂದ್ರು. ನಾನು ಬೆಳಿಗ್ಗೆ ಎಂಟೂವರೆಗೆ ಹೊರಟು ರಾತ್ರಿ ಎಂಟಕ್ಕೆ ಬರೋದು, ಹೆಂಡತಿಗೂ ಕೆಲಸ, ಅಮ್ಮನಿಗೆ ಪಂಜರದ ಹತ್ರ ಹೋಗೋಕೆ ಭಯ. ಈ ಹಕ್ಕಿಗಳು ಜೋಡಿ ಕಟ್ಟಿದ್ರೆ ಜೀವನಪೂರ್ತಿ ಬಿಡಲ್ಲ. ಇಲ್ಲಿ ಅವಳಿಗೆ ಜೋಡಿ ಅಂದ್ರೆ ನಾನು, ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ.

ಮೊದಲು ಪಂಜರದ ಕೆಳಗೆ ನಾಲ್ಕು ಹಳದಿ ಗರಿ ಸಿಕ್ತು. ಉದುರೋ ಸೀಸನ್ ಅಂದ್ಕೊಂಡೆ. ಮಾರನೇ ವಾರ ಒಂದು ಮೊರದಷ್ಟು. ಒಂದು ಭಾನುವಾರ ಕಣ್ಣಾರೆ ನೋಡ್ದೆ, ಕತ್ತು ಬಗ್ಗಿಸಿ ಎದೆಯಿಂದ ಒಂದು ಗರಿ ಹಿಡಿದು ಎಳೆದು, ಒಂಚೂರು ನಡುಗಿ, ಅದನ್ನ ಬುಡದಿಂದ ತುದಿವರೆಗೆ ಕೊಕ್ಕಲ್ಲಿ ಸವರಿ ಕೆಳಗೆ ಬಿಟ್ಲು, ಮತ್ತೆ ಬಗ್ಗಿದ್ಲು. ತಿಂಗಳೊಳಗೆ ಎದೆ ಕೋಳಿ ಅಂಗಡೀಲಿ ತೂಗು ಹಾಕಿರ್ತಾರಲ್ಲ ಹಾಗೆ, ಗುಲಾಬಿ ಬಣ್ಣದ ಚರ್ಮ, ಮೇಲೆ ಸಣ್ಣ ಸಣ್ಣ ಗಂಟು. ಡಾಕ್ಟ್ರು ಎಲ್ಲಾ ಟೆಸ್ಟ್ ಮಾಡಿ ‘ಕಾಯಿಲೆ ಏನಿಲ್ಲ, ಒಂಟಿತನ’ ಅಂದ್ರು. ಫೀಸ್ 600. ನನ್ನ ಮುಖಕ್ಕೆ ಹೊಡೆದಿದ್ರೆ ಇನ್ನೂ ಕೊಡ್ತಿದ್ದೆ.

ಮನೆಯಿಂದಲೇ ಮಾಡೋ ಕೆಲಸ ಹುಡುಕ್ಕೊಂಡೆ, ಸಂಬಳ ಕಮ್ಮಿ. ಎಷ್ಟು ಕಮ್ಮಿ ಅಂತ ಕೇಳ್ಬೇಡಿ, ಅದನ್ನ ನಮ್ಮಮ್ಮನಿಗೂ ಹೇಳಿಲ್ಲ. ನಾನೂ ನನ್ನ ಹೆಂಡತೀನೂ ಜತೆಯಾಗಿ ಒಂದು ಮದುವೆಗೆ ಹೋಗಿ ಎಷ್ಟು ವರ್ಷ ಆಯ್ತೋ, ಒಬ್ಬರು ಮುಹೂರ್ತಕ್ಕೆ, ಇನ್ನೊಬ್ಬರು ಆರತಕ್ಷತೆಗೆ. ಇನ್ನು ಇವು ಚೆನ್ನಾಗಿ ಸಾಕಿದ್ರೆ 50 ವರ್ಷ ಬದುಕ್ತವೆ. ನಂಗೀಗ 44. ಎಲ್‌ಐಸಿ ಫಾರಮ್ಮಲ್ಲಿ ನಾಮಿನಿ ಕಾಲಮ್ ಇರೋ ಹಾಗೆ ಇದಕ್ಕೂ ಒಂದು ಬೇಕು ಅಂತ ಮಗಳನ್ನ ಕೇಳ್ದೆ, ‘ಅಪ್ಪ, ನಾನು ಹಾಸ್ಟೆಲ್‌ಗೆ ಹೋಗ್ತೀನಿ’ ಅಂದ್ಲು, ಅವಳಿನ್ನೂ ಎಂಟನೇ ಕ್ಲಾಸು.

ಪೆರುವಿನ ತಂಬೊಪಾಟಾ ನದಿ ದಡದಲ್ಲಿ ಒಂದು ಮಣ್ಣಿನ ಗೋಡೆ ಇದೆ, ಬೆಳಿಗ್ಗೆ ನೂರಾರು ಮಕಾವ್ ಬಂದು ಅದಕ್ಕೆ ಅಂಟ್ಕೊಂಡು ಉಪ್ಪಿನಂಶದ ಮಣ್ಣು ತಿಂತವೆ. ಆ ವಿಡಿಯೋ ಹಾಕಿದ್ರೆ ರಂಗಮ್ಮ ಲ್ಯಾಪ್‌ಟಾಪಿನ ಹಿಂದೆ ಹೋಗಿ ನೋಡ್ತಾಳೆ. ಈಗ ಹಾಕೋದು ಬಿಟ್ಟಿದೀನಿ.

ಹಾಗಂತ ‘ಪಾಪ, ಬಿಟ್ಬಿಡ್ಬಾರ್ದಾ’ ಅನ್ನೋರಿಗೆ: ಎಲ್ಲಿ ಬಿಡ್ಲಿ, ನೈಸ್ ರೋಡಲ್ಲಾ? ಮೈಸೂರಿನ ಗಿಳಿಗಳ ಪಾರ್ಕು ಶುಕವನ ನೋಡ್ಕೊಂಡು ಬಂದು ‘ನಮಗೂ ಒಂದು ಬೇಕಿತ್ತು ಸಾರ್, ಎಲ್ಲಿ ಸಿಗುತ್ತೆ’ ಅಂತ ಮೆಸೇಜ್ ಮಾಡೋರಿಗೆ ಮತ್ತೆ ಮೊದಲಿಂದ ಓದ್ಕೊಂಡು ಬನ್ನಿ.

ತಿಥಿ ದಿನದ್ದು ಒಂದು ಬಾಕಿ ಇದೆ. ಊಟ ಆದ್ಮೇಲೆ ಅಡುಗೆಯವರು ಬಿಸಾಕಿದ್ದ ಒಂದು ಕರಟನ ಮಾವ ಸುಮ್ನೆ ಪಂಜರದೊಳಗೆ ಹಾಕಿದ್ರು. ಅವಳು ಅದನ್ನ ಒಂದು ಕಾಲಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ಅಂಚಿಂದ ಶುರು ಮಾಡಿ ಪೂರ್ತಿ ಚೂರು ಚೂರು ಮಾಡಿದ್ಲು. ಮಚ್ಚಿಲ್ಲದೆ ಕರಟ ಒಡೆಯೋದನ್ನ ಮಾವ ಕುರ್ಚಿ ಎಳ್ಕೊಂಡು ಕೂತು ನೋಡಿದ್ರು, ಷರ್ಟಿಗೆ ಗುಂಡಿ ಇಲ್ಲದೆ, ಬಸ್ ತಪ್ಪೋವರೆಗೂ.

ಹೋದ ವಾರ ಫೋನ್ ಮಾಡಿದ್ರು. ಅಕ್ಕ ಹೇಗಿದಾಳೆ ಅಂತಾನೂ ಕೇಳ್ಲಿಲ್ಲ. ‘ಎದೆ ಮೇಲೆ ಗರಿ ಬಂತೇನ್ಲಾ ಅದಕ್ಕೆ?’

‘ಎಡಗಡೆ ಸ್ವಲ್ಪ ಬಂದಿದೆ ಮಾವ. ಬಲಗಡೆ ಇನ್ನೂ ಕೀಳ್ತಾಳೆ.’

‘ಹ್ಞೂಂ. ಒಂದು ಮೂಟೆ ಕರಟ ಬಸ್ಸಿಗೆ ಹಾಕಿದೀನಿ, ಸಂಜೆ ಐದಕ್ಕೆ ಮೆಜೆಸ್ಟಿಕ್ಕಲ್ಲಿ ಇಳಿಸ್ಕೋ. ಲಗೇಜು 90 ರೂಪಾಯಿ, ನೀನೇ ಕೊಡು, ಅದೂ ನಿನ್ನ ಲೆಕ್ಕಕ್ಕೇ.’